ಅಲಂಕಾರಿಕ ಮೀನುಮರಿಗಳ ಲಿಂಗ ಮತ್ತು ತೊಟ್ಟಿಯ ನೀರು

ಅಲಂಕಾರಿಕ ಮೀನುಗಳನ್ನು ಜೋಡಿಯಾಗಿ ಮಾರುವವರಿಗೆ ಮರಿಗಳಲ್ಲಿ ಗಂಡು ಹೆಣ್ಣುಗಳ ಸಂಖ್ಯೆ ಹೆಚ್ಚುಕಡಿಮೆ ಸಮನಾಗಿರಬೇಕು. ಮರಿಗಳಲ್ಲಿ ಬಹುಪಾಲು ಗಂಡೇ ಆದರೆ ಜೋಡಿ ಮಾಡಲಾಗದು. ಮುಂದಿನ ಸಂತಾನಕ್ಕೆ ಹೆಣ್ಣುಗಳೂ ಉಳಿಯವು. ಇದು ತಳಿಮೀನುಗಳ ದೋಷವೆಂದು ತಿಳಿದು ಒಳ್ಳೆಯ ಜೋಡಿಯನ್ನೇ ಮಾರಿಬಿಡುವುದುಂಟು. ಆದರೆ ಕೆಲವು ಜಾತಿಗಳಲ್ಲಿ ಇದಕ್ಕೆ ಕಾರಣ ತೊಟ್ಟಿಯ ನೀರೇ ಆಗಿರಬಹುದು.

ಲಿಂಗ ನಿರ್ಧಾರ

ದನಕರುಗಳಲ್ಲಿ ಗರ್ಭ ಕಟ್ಟಿದಾಗಲೇ ವರ್ಣತಂತುಗಳಿಂದ ಲಿಂಗ ನಿರ್ಧಾರವಾಗುತ್ತದೆ. ಗಪ್ಪಿ ಮೀನಿನಲ್ಲೂ ಬಹುಮಟ್ಟಿಗೆ ಹೀಗೆಯೇ. ಸಿಕ್ಲಿಡ್ ಕುಟುಂಬದ ಹಲವು ಮೀನುಗಳಲ್ಲಿ ಮಾತ್ರ ಮರಿ ಹೊರಬಂದ ಮೊದಲ ಕೆಲವು ವಾರ ಸುತ್ತಲಿನ ನೀರೂ ಇದರಲ್ಲಿ ಪಾಲು ಪಡೆಯುತ್ತದೆ. ಇದೇ ಕುಟುಂಬದ ತಿಲಾಪಿಯದಲ್ಲಿ ಗಂಡು ಚೋದಕವನ್ನು ಹೆಣ್ಣು ಚೋದಕವಾಗಿ ಮಾರ್ಪಡಿಸುವ ಕಿಣ್ವವು ಹೆಚ್ಚಿನ ಶಾಖದಲ್ಲಿ ಕುಗ್ಗುತ್ತದೆ. ಇದರಿಂದ ಗಂಡುಮರಿಗಳು ಹೆಚ್ಚುತ್ತವೆ.

ಉಷ್ಣತೆ ಮತ್ತು ರಸಸಾರ

ದಕ್ಷಿಣ ಅಮೆರಿಕದ ಅಪಿಸ್ಟೊಗ್ರಾಮ ಎಂಬ ಕುಳ್ಳ ಸಿಕ್ಲಿಡ್‌ಗಳ ಮೇಲಿನ ಪ್ರಯೋಗಗಳನ್ನು ರೋಮರ್ ಮತ್ತು ಬೈಸೆನ್‌ಹೆರ್ಟ್ಸ್ 1996ರಲ್ಲಿ ಪ್ರಕಟಿಸಿದರು. ಪರೀಕ್ಷಿಸಿದ 37 ಪ್ರಭೇದಗಳ ಪೈಕಿ 33ರಲ್ಲಿ ಉಷ್ಣತೆಯ ಪ್ರಭಾವ ಕಂಡುಬಂದಿತು. ಸಾಮಾನ್ಯವಾಗಿ 23 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಣ್ಣುಗಳೂ 29 ಡಿಗ್ರಿಯಲ್ಲಿ ಗಂಡುಗಳೂ ಹೆಚ್ಚಿದವು.

ಪಶ್ಚಿಮ ಆಫ್ರಿಕದ ಕ್ರಿಬ್ ಮೀನಿನಲ್ಲಿ ರಸಸಾರದ ಪ್ರಭಾವ ಎದ್ದು ಕಾಣುತ್ತದೆ. ನೀರು ಆಮ್ಲೀಯವಾದಷ್ಟೂ ಗಂಡುಗಳು ಹೆಚ್ಚು. ಕ್ಷಾರದ ಕಡೆಗೆ ವಾಲಿದರೆ ಹೆಣ್ಣುಗಳು ಹೆಚ್ಚು.

ಅನುಸರಿಸಬೇಕಾದ ಕ್ರಮಗಳು

1. ಸಿಕ್ಲಿಡ್ ಮರಿ ಮಾಡುವ ತೊಟ್ಟಿಗೆ ಬೇಸಿಗೆಯಲ್ಲಿ ನೆರಳು ಒದಗಿಸಿ. ಅಪಿಸ್ಟೊಗ್ರಾಮ ಮರಿಗಳಿಗೆ ಮೊದಲ ಒಂದೂವರೆ ತಿಂಗಳು ಸುಮಾರು 26 ಡಿಗ್ರಿ ಉಷ್ಣತೆ ಕಾಯ್ದುಕೊಳ್ಳಿ.

2. ರಸಸಾರವನ್ನು ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡು ಹೊತ್ತು ಅಳೆಯಿರಿ. ಪಾಚಿಗಟ್ಟಿದ ನೀರಿನಲ್ಲಿ ಅದು ಬಿಸಿಲೇರಿದಂತೆ ಏರುತ್ತದೆ. ಹೊಸ ಸಿಮೆಂಟ್ ತೊಟ್ಟಿಯೂ ನೀರನ್ನು ಕ್ಷಾರೀಯಗೊಳಿಸುತ್ತದೆ. ಹಲವು ಸಲ ನೀರು ತುಂಬಿಸಿ ಚೆಲ್ಲಿದ ಮೇಲೆಯೇ ಬಳಸಿ.

3. ರಸಸಾರ ಇಳಿಸಲು ಆಮ್ಲವನ್ನು ನೇರವಾಗಿ ತೊಟ್ಟಿಗೆ ಸುರಿಯಬೇಡಿ, ಮರಿಗಳು ಸಾಯುತ್ತವೆ. ಶುದ್ಧ ಮಳೆನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುವುದು ಲೇಸು.

4. ಪ್ರತಿ ಸಲದ ಮರಿಗಳ ಸಂಖ್ಯೆ, ಸಾವು, ಉಷ್ಣತೆ, ರಸಸಾರ, ಕೊನೆಗೆ ಗಂಡು ಹೆಣ್ಣುಗಳ ಎಣಿಕೆ, ಇಷ್ಟನ್ನೂ ಬರೆದಿಡಿ. ಹೆಚ್ಚು ಮರಿಗಳು ಸತ್ತಿದ್ದರೆ ಉಳಿದವುಗಳ ಎಣಿಕೆಯಿಂದ ತೀರ್ಮಾನಕ್ಕೆ ಬರಬಾರದು.

ಲಿಂಗ ಒಮ್ಮೆ ನಿಶ್ಚಿತವಾದ ಮೇಲೆ ನೀರು ಬದಲಿಸಿ ಪ್ರಯೋಜನವಿಲ್ಲ. ಆದ್ದರಿಂದ ತಳಿಜೋಡಿಯನ್ನು ಮಾರುವ ಮೊದಲು ನೀರನ್ನು ಸರಿಪಡಿಸಿ, ಇನ್ನೆರಡು ಸಲ ಅದೇ ಜೋಡಿಯಿಂದ ಮರಿ ಪಡೆದು ನೋಡುವುದು ಲಾಭಕರ.