ಮೈಲಿಗೆಯೂ ಮಾಲಿನ್ಯವೂ: ಸದ್ಭಕ್ತರ ಪ್ರಶ್ನೆಗಳಿಗೆ ಸಮಾಧಾನ

ವೀರಶೈವ ಧರ್ಮದ ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು, ಪ್ರಸಾದವೂ ಒಂದು, ಮಂತ್ರವೂ ಒಂದು. ಲಿಂಗದ ಮಜ್ಜನಕ್ಕೆ ನೀರು ಬೇಕು. ಪ್ರಸಾದಕ್ಕೆ ನೆಲದಲ್ಲಿ ಬೆಳೆದ ಅನ್ನ ಬೇಕು. ಮಂತ್ರೋಚ್ಚಾರಣೆಗೆ ಉಸಿರು ಬೇಕು. ಜಲ, ನೆಲ, ಗಾಳಿ ಈ ಮೂರಿಲ್ಲದೆ ಭಕ್ತನ ಒಂದು ದಿನದ ನಿತ್ಯನೇಮವೂ ಸಾಗದು. ಆದುದರಿಂದ ಈ ಮೂರು ಕೆಟ್ಟಲ್ಲಿ ಕೆಡುವುದು ಶರೀರವೊಂದೇ ಅಲ್ಲ, ಆಚಾರವೂ ಕೆಡುತ್ತದೆ.

ರಾಯಚೂರು ಸೀಮೆಯು ಎರಡು ಮಹಾನದಿಗಳ ನಡುವಣ ನಾಡು. ದೇವದುರ್ಗದ ಅಂಚಿನಲ್ಲಿ ಕೃಷ್ಣೆ, ಮಾನ್ವಿಯ ಅಂಚಿನಲ್ಲಿ ತುಂಗಭದ್ರೆ. ಹಿಂದಿನವರು ಇದನ್ನು ಎಡೆದೊರೆ ನಾಡೆಂದು ಕರೆದರು. ಎರಡು ಹೊಳೆಗಳು ಬಳಸಿ ಹರಿಯುವ ಈ ನಾಡಿನಲ್ಲಿಯೇ 2022ರ ಮೇ ತಿಂಗಳ ಕೊನೆಯಲ್ಲಿ ರಾಯಚೂರು ನಗರದ ಜನರು ನಲ್ಲಿಯ ಕಲುಷಿತ ನೀರನ್ನು ಕುಡಿದು ವಾಂತಿಭೇದಿಗೆ ತುತ್ತಾದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಮರುವರ್ಷದ ಮೇ ತಿಂಗಳಲ್ಲಿ ದೇವದುರ್ಗ ತಾಲೂಕಿನ ರೇಕಲಮರಡಿ ಗ್ರಾಮಕ್ಕೂ ಇದೇ ಸಂಕಟ ಬಂದಿತು. ಅಲ್ಲಿ ಒಂದು ಮಗು ತೀರಿಕೊಂಡಿತು. ಅಂದಿನಿಂದ ಈ ಭಾಗದ ಗೃಹಸ್ಥರಲ್ಲಿ ಹಲವು ಸಂದೇಹಗಳು ಎದ್ದಿವೆ. ಅವುಗಳಲ್ಲಿ ಮುಖ್ಯವಾದ ಆರನ್ನು ಶರಣರ ಬೋಧೆಯ ಬೆಳಕಿನಲ್ಲಿ ಇಲ್ಲಿ ವಿಚಾರಿಸಲಾಗಿದೆ.

ಪ್ರಶ್ನೆ 1: ಶರಣರು ಸೂತಕವಿಲ್ಲವೆಂದು ಸಾರಿದರು. ಹಾಗಿರುವಲ್ಲಿ ಭಕ್ತನು ಮಾಲಿನ್ಯಕ್ಕೆ ಅಂಜಬೇಕಾದುದೇಕೆ?

ಸಮಾಧಾನ: ಮೈಲಿಗೆ ಬೇರೆ, ಮಾಲಿನ್ಯ ಬೇರೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಹನ್ನೆರಡನೆಯ ಶತಮಾನದ ಶರಣರು ಅಲ್ಲಗಳೆದರು. ಆ ಸೂತಕಗಳು ಮನುಷ್ಯನ ಮೇಲೆ ಮನುಷ್ಯನೇ ಹೊರಿಸಿದ ಕಲ್ಪನೆಗಳು. ಅವು ಕಣ್ಣಿಗೆ ಕಾಣವು, ಅಳತೆಗೆ ಸಿಕ್ಕವು, ಯಾರನ್ನೂ ರೋಗಕ್ಕೆ ಈಡುಮಾಡವು. ಮಾಲಿನ್ಯವಾದರೋ ಹುಟ್ಟಿನಿಂದ ಬಂದುದಲ್ಲ, ಕೃತ್ಯದಿಂದ ಬಂದುದು. ಅದನ್ನು ಅಳೆಯಬಹುದು, ಅದು ರೋಗವನ್ನು ತರುತ್ತದೆ, ಕುಡಿದವನ ಕುಲವನ್ನು ಅದು ಕೇಳುವುದಿಲ್ಲ. ಶರಣರು ಇಲ್ಲದ ಹೊಲೆಯನ್ನು ಇಲ್ಲವೆಂದರೇ ಹೊರತು ಇರುವ ಕೊಳಕನ್ನು ಇಲ್ಲವೆನ್ನಲಿಲ್ಲ.

ಇಂದು ನಡೆಯುತ್ತಿರುವುದು ಇದಕ್ಕೆ ವಿಪರೀತ. ಬೇರೆ ಕೇರಿಯವನು ಕೊಟ್ಟ ತಂಬಿಗೆಯ ನೀರನ್ನು ಮುಟ್ಟಲು ಹಿಂಜರಿಯುವವನು, ತನ್ನ ಬಚ್ಚಲ ನೀರನ್ನು ಅದೇ ಕೇರಿಯ ಬಾವಿಯ ಕಡೆಗೆ ಹರಿಯಬಿಡಲು ಹಿಂಜರಿಯುವುದಿಲ್ಲ. ಶರಣರು ಕಿತ್ತೆಸೆದ ಮೈಲಿಗೆಯನ್ನು ಇಂಥವನು ಕಾಪಾಡಿಕೊಂಡಿದ್ದಾನೆ. ನಿಜವಾದ ಮಾಲಿನ್ಯವನ್ನು ತಾನೇ ಹರಡುತ್ತಿದ್ದಾನೆ. ಲಿಂಗವನ್ನು ಧರಿಸಿದವನಲ್ಲಿ ಈ ಎರಡು ದೋಷಗಳೂ ಇರಕೂಡದು.

ಪ್ರಶ್ನೆ 2: ತಿಳಿಯಾಗಿ ಕಾಣುವ ನೀರು ಶುದ್ಧವಲ್ಲವೆ? ಸೋಸಿ ಕುದಿಸಿದರೆ ಸಾಲದೆ?

ಸಮಾಧಾನ: ನೀರಿನ ದೋಷಗಳಲ್ಲಿ ಎರಡು ಬಗೆಗಳನ್ನು ಗೃಹಸ್ಥರು ಮುಖ್ಯವಾಗಿ ತಿಳಿದಿರಬೇಕು. ಮೊದಲನೆಯದು ಕ್ರಿಮಿದೋಷ. ಮಲಮೂತ್ರದ ಸಂಪರ್ಕವಾದ ನೀರಿನಲ್ಲಿ ಕಾಲರಾ, ವಿಷಮಶೀತಜ್ವರ, ಕಾಮಾಲೆ ಮೊದಲಾದ ವ್ಯಾಧಿಗಳ ಬೀಜಗಳು ಇರುತ್ತವೆ. ನೀರಿನ ಕೊಳವೆಯು ಚರಂಡಿಯ ಪಕ್ಕದಲ್ಲಿಯೋ ಒಳಗೋ ಹಾದುಹೋಗಿರುವ ಊರುಗಳಲ್ಲಿ ಈ ಅಪಾಯ ಹೆಚ್ಚು. ನೀರು ಬಿಟ್ಟಾಗ ಒಡೆದ ಕೊಳವೆಯಿಂದ ನೀರು ಹೊರಕ್ಕೆ ಸೋರುತ್ತದೆ. ನಿಲ್ಲಿಸಿದಾಗ ಒಳಗಿನ ಒತ್ತಡ ಇಳಿದು ಹೊರಗಿನ ಕೊಳಕು ಒಳಕ್ಕೆ ಎಳೆಯಲ್ಪಡುತ್ತದೆ. ಮರುದಿನ ಮೊದಲು ಬರುವ ಕೊಡದಲ್ಲಿ ಆ ಕೊಳಕೇ ಇರಬಹುದು. ಬಟ್ಟೆಯಿಂದ ಸೋಸಿದರೆ ಕಸಕಡ್ಡಿ ಹೋಗುತ್ತದೆ, ಕ್ರಿಮಿ ಹೋಗದು. ನೀರನ್ನು ಚೆನ್ನಾಗಿ ಕುದಿಸಿದರೆ, ಇಲ್ಲವೆ ತಕ್ಕ ಪ್ರಮಾಣದಲ್ಲಿ ಕ್ಲೋರಿನ್ ಬೆರೆಸಿದರೆ, ಈ ದೋಷ ನೀಗುತ್ತದೆ.

ಎರಡನೆಯದು ಖನಿಜದೋಷ. ಈ ಸೀಮೆಯ ಕಗ್ಗಲ್ಲಿನ ಪದರಗಳಲ್ಲಿರುವ ಫ್ಲೋರೈಡ್ ಎಂಬ ಅಂಶವು ಬಹುಕಾಲ ನಿಂತ ಅಂತರ್ಜಲದಲ್ಲಿ ಕರಗುತ್ತದೆ. ದೇವದುರ್ಗ, ಮಾನ್ವಿ ಮೊದಲಾದ ತಾಲೂಕುಗಳ ಅನೇಕ ಕೊಳವೆಬಾವಿಗಳಲ್ಲಿ ಇದು ಕಂಡುಬಂದಿದೆ. ಲೀಟರು ನೀರಿಗೆ 1 ಮಿಲಿಗ್ರಾಂ ಒಳಗಿದ್ದರೆ ಲೇಸು; ಬೇರೆ ನೀರು ಇಲ್ಲದಲ್ಲಿ 1.5 ಮಿಲಿಗ್ರಾಂ ಕೊನೆಯ ಮಿತಿ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲುಗಳಲ್ಲಿ ಹಳದಿ ಕಂದು ಗೆರೆಗಳು ಮೂಡುತ್ತವೆ. ದೊಡ್ಡವರ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ಜಿಲ್ಲೆಯ ಚಿನ್ನದ ಅದಿರಿನ ಶಿಲಾಪಟ್ಟಿಯ ಸುತ್ತಲಿನ ಕೆಲವೆಡೆ ಆರ್ಸೆನಿಕ್ ಎಂಬ ವಿಷಾಂಶವೂ ಅಂತರ್ಜಲದಲ್ಲಿ ದೊರೆತಿದೆ. ಇವಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ನೀರು ಆವಿಯಾಗಿ ಹೋಗಿ ಇವು ಪಾತ್ರೆಯಲ್ಲಿಯೇ ಉಳಿಯುವುದರಿಂದ ದೋಷವು ತಗ್ಗುವ ಬದಲು ಹೆಚ್ಚುತ್ತದೆ. ಇಂಥ ಊರಿನವರು ಪರೀಕ್ಷೆಗೊಳಪಟ್ಟ ಶುದ್ಧೀಕರಣ ಘಟಕದ ನೀರನ್ನೋ, ಶುದ್ಧಗೊಳಿಸಿದ ಹೊಳೆಯ ನೀರನ್ನೋ, ಶುಚಿಯಾಗಿ ಹಿಡಿದಿಟ್ಟು ಕಾಯಿಸಿದ ಮಳೆಯ ನೀರನ್ನೋ ಕುಡಿಯಬೇಕು. ಕಣ್ಣು ನಂಬಿ ಕುಡಿಯುವುದಲ್ಲ, ಪರೀಕ್ಷಿಸಿ ಕುಡಿಯುವುದು ವಿವೇಕ.

ಪ್ರಶ್ನೆ 3: ಲಿಂಗಕ್ಕೆ ಅರ್ಪಿತವಾಗಿ ಪಾದೋದಕವಾದ ಮೇಲೂ ನೀರಿನ ದೋಷ ಉಳಿಯುವುದೆ?

ಸಮಾಧಾನ: ಈ ಪ್ರಶ್ನೆಯು ಭಕ್ತಿಯಿಂದ ಹುಟ್ಟಿದುದಾದರೂ ಇದರಲ್ಲಿ ಅಪಾಯವುಂಟು. ಅರ್ಪಣದ ಮಹಿಮೆಯು ಅಂತರಂಗಕ್ಕೆ ಸಂಬಂಧಿಸಿದುದು. ಅರ್ಪಿಸಿದ ಮಾತ್ರಕ್ಕೆ ಪದಾರ್ಥದ ಗುಣ ಮಾರ್ಪಡುವುದೆಂದು ಎಣಿಸಿ, ಕೆಟ್ಟ ನೀರನ್ನು ಲಿಂಗಕ್ಕೆ ಎರೆದು ಮನೆಮಂದಿಗೆ ಕೊಡುವುದು ಭಕ್ತಿಯಲ್ಲ, ಪ್ರಮಾದ. ಪ್ರಸಾದವನ್ನು ಶುದ್ಧ, ಸಿದ್ಧ, ಪ್ರಸಿದ್ಧ ಎಂದು ಮೂರಾಗಿ ಹೇಳುವ ಧರ್ಮದಲ್ಲಿ ಶುದ್ಧವೇ ಮೊದಲ ಮೆಟ್ಟಿಲು. ಆ ಮೆಟ್ಟಿಲನ್ನು ದಾಟದೆ ಮೇಲಕ್ಕೆ ಏರುವುದು ಹೇಗೆ?

ಲಿಂಗದ ಮಜ್ಜನಕ್ಕೆ ತರುವ ನೀರಿಗೆ ಅಗ್ಘವಣಿಯೆಂದು ಹೆಸರು. ಆ ನೀರನ್ನು ತರುವುದನ್ನೇ ಕಾಯಕವಾಗಿ ಕೈಕೊಂಡು, ಆ ಹೆಸರಿನಿಂದಲೇ ಖ್ಯಾತರಾದ ಅಗ್ಘವಣಿ ಹಂಪಯ್ಯ, ಅಗ್ಘವಣಿ ಹೊನ್ನಯ್ಯ ಎಂಬ ಶರಣರಿದ್ದರು. ಒಂದು ಕೊಡ ನೀರನ್ನು ತರುವುದು ಒಬ್ಬ ಶರಣನ ಬಾಳಿನ ಕಾಯಕವಾಗಬಹುದಾಗಿದ್ದರೆ, ಆ ನೀರಿನ ಶುಚಿತ್ವವನ್ನು ಕಾಯುವುದು ಎಷ್ಟು ದೊಡ್ಡ ಹೊಣೆ ಎಂಬುದನ್ನು ಊಹಿಸಬಹುದು. ಮಗುವಿಗೆ ಪಾದೋದಕವನ್ನು ಕೊಡುವ ತಾಯಿಯು ಮೊದಲು ನೀರನ್ನು ಕಾಯಿಸಿ ಆರಿಸಿದರೆ ಅವಳ ಭಕ್ತಿಗೆ ಕುಂದಿಲ್ಲ. ಆ ಕಾಯಿಸುವಿಕೆಯೇ ಅವಳ ಅಗ್ಘವಣಿಯ ಕಾಯಕ. ಬಾಗಿಲಿಗೆ ಬಂದ ಜಂಗಮಕ್ಕೆ ನೀಡುವ ನೀರಿಗೂ ಇದೇ ನಿಯಮ.

ಪ್ರಶ್ನೆ 4: ಬೇಸಾಯವು ಕಾಯಕವೇ ಆಗಿರುವಾಗ ಹೊಲಕ್ಕೆ ಗೊಬ್ಬರ, ಔಷಧ ಹಾಕುವುದರಲ್ಲಿ ದೋಷವೇನು?

ಸಮಾಧಾನ: ಹಾಕುವುದರಲ್ಲಿ ದೋಷವಿಲ್ಲ, ಅಳತೆ ಮೀರುವುದರಲ್ಲಿ ದೋಷವಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಮಾನ್ವಿ ಸೀಮೆಯ ಎರೆಭೂಮಿ ಕ್ರಮೇಣ ಭತ್ತದ ಗದ್ದೆಯಾಯಿತು. ನೀರಿನೊಡನೆ ಸಂಪತ್ತು ಬಂದಿತು. ಸಂಪತ್ತಿನೊಡನೆ ಅಳತೆ ತಪ್ಪಿತು. ಕಾಲುವೆಯ ತಲೆಯಲ್ಲಿದ್ದವರು ಬೇಕಾದುದಕ್ಕಿಂತ ಹೆಚ್ಚು ನೀರು ಕಟ್ಟಿದರು. ಬಸಿದು ಹೋಗಲು ದಾರಿಯಿಲ್ಲದೆ ಎಷ್ಟೋ ಭೂಮಿ ಸವಳು ಜವಳಾಯಿತು. ಕಾಲುವೆಯ ತುದಿಯವರಿಗೆ ನೀರೇ ಮುಟ್ಟಲಿಲ್ಲ. ಪೈರು ಹೀರಿಕೊಳ್ಳದೆ ಉಳಿದ ಗೊಬ್ಬರವು ನೈಟ್ರೇಟಾಗಿ ಬಾವಿಗೆ ಇಳಿಯುತ್ತದೆ. ಅಂಥ ನೀರಿನಲ್ಲಿ ಕಲಸಿದ ಹಾಲನ್ನು ಕುಡಿದ ಹಸುಗೂಸಿನ ರಕ್ತವು ಪ್ರಾಣವಾಯುವನ್ನು ಹೊರಲಾರದೆ ಮೈ ನೀಲಿಗಟ್ಟುವುದುಂಟು. ಕೀಟನಾಶಕದ ಡಬ್ಬಿಯನ್ನು ಕಾಲುವೆಯಲ್ಲಿ ತೊಳೆದರೆ ಆ ವಿಷವು ಕೆಳಗಿನ ಊರಿನ ಕೊಡವನ್ನು ಸೇರುತ್ತದೆ. ಕೊಯ್ಲಿನ ತರುವಾಯ ಹುಲ್ಲಿಗೆ ಬೆಂಕಿ ಇಟ್ಟರೆ ದನಗಳ ಮೇವೂ ಮಣ್ಣಿನ ಸಾರವೂ ಸುಟ್ಟು, ಹೊಗೆಯು ಊರವರ ಎದೆಯನ್ನು ಸೇರುತ್ತದೆ.

ಅಳತೆ ಎಂಬುದನ್ನು ಕಲಿಸಿದ ಶರಣೆಯು ಇದೇ ಜಿಲ್ಲೆಯವಳು. ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಹೇಳಲಾಗುವ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಸಂತೋಷಪಡಲಿಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳು. ಅಕ್ಕಿಯಿಂದಲೇ ಹೆಸರಾದ ಆ ತಾಯಿಯ ಜಿಲ್ಲೆಯಲ್ಲಿ ಅಕ್ಕಿಯನ್ನು ಬೆಳೆಯುವವರು, ಬೆಳೆಗೆ ಬೇಕಾದುದೆಷ್ಟು, ಆಸೆ ಬೇಡುವುದೆಷ್ಟು ಎಂದು ವಿಚಾರಿಸಿಕೊಳ್ಳಬೇಡವೆ? ಮಣ್ಣನ್ನು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವ ರೈತನು ಹಣವನ್ನೂ ಉಳಿಸುತ್ತಾನೆ, ಲಕ್ಕಮ್ಮನ ನೇಮವನ್ನೂ ನಡೆಸುತ್ತಾನೆ.

ಪ್ರಶ್ನೆ 5: ಶಕ್ತಿನಗರದ ಹೊಗೆ ಬೂದಿಗಳ ಮುಂದೆ ಒಬ್ಬ ಗೃಹಸ್ಥನ ಆಚಾರದಿಂದ ಏನಾದೀತು?

ಸಮಾಧಾನ: ಕೃಷ್ಣಾತೀರದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲನ್ನು ಸುಟ್ಟು ವಿದ್ಯುತ್ತನ್ನು ಉತ್ಪಾದಿಸಲಾಗುತ್ತಿದೆ. ಅಲ್ಲಿ ಕಟ್ಟಲಾದ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1720 ಮೆಗಾವ್ಯಾಟ್. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು. ನೂರು ಪಾಲು ಸುಟ್ಟರೆ ಸುಮಾರು 30ರಿಂದ 40 ಪಾಲು ಬೂದಿ ಉಳಿಯುತ್ತದೆ. ಭಸ್ಮಧಾರಣೆ ಮಾಡುವ ಭಕ್ತನು ಈ ಬೂದಿಯನ್ನೂ ಹಗುರವಾಗಿ ಎಣಿಸಬಾರದು. ಇದರ ನುಣುಪಾದ ಕಣಗಳು ಗಾಳಿಯಲ್ಲಿ ಹಾರಿ ಶ್ವಾಸಕೋಶದ ಆಳವನ್ನು ಸೇರುತ್ತವೆ. ಹೊಂಡ ಸೋರಿದಲ್ಲಿ ನೆಲವನ್ನೂ ನೀರನ್ನೂ ಕೆಡಿಸುತ್ತವೆ. ಇದನ್ನು ಸಿಮೆಂಟಿಗೂ ಇಟ್ಟಿಗೆಗೂ ಬಳಸಬಹುದು. ಪೂರ್ತಿಯಾಗಿ ಹಾಗೆ ಬಳಸಬೇಕೆಂದು ಕಾನೂನೂ ಹೇಳುತ್ತದೆ.

ಇಲ್ಲಿ ಒಂದು ಋಣದ ಮಾತುಂಟು. ಬೆಳಕು ದೂರದೂರದ ಮನೆಗಳಿಗೆ ಹೋಯಿತು. ಬೂದಿಯು ಇಲ್ಲಿಯೇ ಉಳಿಯಿತು. ಸವಿಯುಂಡವನೊಬ್ಬ, ಎಂಜಲೆತ್ತುವವನು ಇನ್ನೊಬ್ಬ ಎಂಬ ನಡೆಯನ್ನು ದಾಸೋಹಧರ್ಮವು ಒಪ್ಪುವುದಿಲ್ಲ. ಆದುದರಿಂದ ವ್ಯರ್ಥವಾಗಿ ಉರಿಯುವ ಒಂದು ದೀಪವನ್ನು ಆರಿಸುವುದೂ, ಬೂದಿಯ ನಡುವೆ ಬಾಳುವವರ ದೂರನ್ನು ತನ್ನ ದೂರೆಂದು ಎತ್ತಿ ಆಡುವುದೂ ಭಕ್ತನ ಕರ್ತವ್ಯ. ಲಿಂಗವಂತನಿಗೆ ವಿಧಿಸಿದ ಪಂಚಾಚಾರಗಳಲ್ಲಿ ಗಣಾಚಾರವೂ ಒಂದು. ಸಮಾಜಕ್ಕೆ ಕೇಡು ಬಂದಲ್ಲಿ ಸುಮ್ಮನಿರದಿರುವುದೇ ಅದರ ತಿರುಳು.

ಪ್ರಶ್ನೆ 6: ಕಲುಷಿತ ನೀರಿನಿಂದ ಬಂದ ಮರಣವು ಅವರವರ ಹಣೆಬರಹವಲ್ಲವೆ? ಊರನ್ನು ಶುಚಿಯಾಗಿಡುವುದು ಸರಕಾರದ ಕೆಲಸವಲ್ಲವೆ?

ಸಮಾಧಾನ: ಸರಕಾರದ ಕೆಲಸವೆಂಬುದು ನಿಜ. ಜಲಮಾಲಿನ್ಯವನ್ನು ತಡೆಯುವ ಕಾಯಿದೆ 1974ರಲ್ಲಿಯೂ, ಪರಿಸರ ಸಂರಕ್ಷಣೆಯ ಕಾಯಿದೆ 1986ರಲ್ಲಿಯೂ ಬಂದಿವೆ. ಆ ಕೆಲಸ ನಡೆಯಿತೇ ಎಂದು ಕೇಳುವುದು ಪ್ರಜೆಗಳ ಕೆಲಸ. ಒಡೆದ ಕೊಳವೆಯನ್ನು ದುರಸ್ತಿ ಮಾಡದೆ, ತೊಟ್ಟಿಯನ್ನು ತೊಳೆಯದೆ ಬಿಟ್ಟು, ಸತ್ತ ಮಗುವಿನ ಹಣೆಯಲ್ಲಿ ಬರಹವನ್ನು ಹುಡುಕುವುದು ಕ್ರೌರ್ಯ. ಜನ್ಮವನ್ನೂ ಕರ್ಮವನ್ನೂ ಮುಂದೊಡ್ಡಿ ಬಡವನನ್ನು ಅವನ ಕಷ್ಟದಲ್ಲಿಯೇ ಬಿಡುವ ನಡೆಯನ್ನು ಮುರಿಯಲೆಂದೇ ಶರಣರು ದುಡಿದರು.

ಶರಣೆ ಸತ್ಯಕ್ಕನ ಕಾಯಕವು ಶಿವಭಕ್ತರ ಅಂಗಳದ ಕಸವನ್ನು ಗುಡಿಸುವುದಾಗಿತ್ತು. ಕಸಬರಿಕೆ ಹಿಡಿದ ಆ ಕೈಯೇ ವಚನಗಳನ್ನೂ ರಚಿಸಿತು. ಇಂದು ನಸುಕಿನಲ್ಲಿ ಊರು ಗುಡಿಸುವ ಪೌರಕಾರ್ಮಿಕನನ್ನು ದೂರ ನಿಲ್ಲಿಸಿ ಮಾತನಾಡಿಸುವವನು ಸತ್ಯಕ್ಕನ ಹೆಸರು ಹೇಳಲು ಅರ್ಹನೆ? ಕೊಳಕನ್ನು ಮಾಡಿದವನು ಶುಚಿ, ತೆಗೆದವನು ಅಶುಚಿ ಎಂಬುದೇ ಮೈಲಿಗೆಯ ಕೊನೆಯ ಬೇರು. ಮನುಷ್ಯನನ್ನು ಮಲಗುಂಡಿಗೆ ಇಳಿಸುವುದನ್ನು 2013ರ ಕಾಯಿದೆಯೂ ನಿಷೇಧಿಸಿದೆ. ತನ್ನ ಮನೆಯ ಕಸವನ್ನು ಹಸಿ, ಒಣ ಎಂದು ಬೇರ್ಪಡಿಸಿ ಕೊಡುವುದು ಆ ಕಾರ್ಮಿಕನಿಗೆ ಸಲ್ಲಿಸುವ ಮೊದಲ ಶರಣಾರ್ಥಿ.

ಆಚರಣೆ

ಓದಿದುದು ನಡೆಯಲ್ಲಿ ಇಳಿಯದಿದ್ದರೆ ಫಲವಿಲ್ಲ. ಸದ್ಭಕ್ತರು ಈ ಕೆಳಗಿನ ನೇಮಗಳನ್ನು ಕೈಕೊಳ್ಳಬಹುದು. ವರ್ಷಕ್ಕೆ ಎರಡು ಸಲವಾದರೂ, ಮಳೆಗಾಲದ ಮೊದಲೂ ಅನಂತರವೂ, ಊರಿನ ಕುಡಿಯುವ ನೀರನ್ನು ಪರೀಕ್ಷೆಗೆ ಕಳುಹಿಸುವಂತೆ ಪಂಚಾಯಿತಿಯನ್ನು ಕೇಳುವುದು. ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಬರೆಸುವುದು. ಮನೆಯ ತೊಟ್ಟಿ, ಕೊಡಗಳನ್ನು ವಾರಕ್ಕೊಮ್ಮೆ ತೊಳೆಯುವುದು. ಬಚ್ಚಲ ನೀರನ್ನು ಇಂಗುಗುಂಡಿಗೆ ಬಿಡುವುದು, ಆ ಗುಂಡಿಯು ಬಾವಿಯಿಂದ ದೂರವಿರುವಂತೆ ನೋಡಿಕೊಳ್ಳುವುದು. ಜಾತ್ರೆ, ದಾಸೋಹಗಳಲ್ಲಿ ಪ್ಲಾಸ್ಟಿಕ್ಕಿನ ತಟ್ಟೆ ಲೋಟಗಳನ್ನು ಬಿಟ್ಟು ಮುತ್ತುಗದ ಎಲೆಯನ್ನೂ ತೊಳೆದು ಬಳಸುವ ಲೋಟವನ್ನೂ ಹಿಡಿಯುವುದು. ಪ್ಲಾಸ್ಟಿಕ್ಕಿನ ಇಂಥ ಸಾಮಗ್ರಿಗಳನ್ನು ಕರ್ನಾಟಕವು 2016ರಲ್ಲಿಯೂ ಭಾರತ ಸರಕಾರವು 2022ರಲ್ಲಿಯೂ ನಿಷೇಧಿಸಿವೆ. ಪ್ರಸಾದ ನೀಡುವ ಸ್ಥಳದಲ್ಲಿಯೇ ಆ ನಿಷೇಧ ಮುರಿಯುವುದು ಶೋಭೆಯಲ್ಲ.

ಬೆಳಿಗ್ಗೆ ಕರಸ್ಥಲದಲ್ಲಿ ಲಿಂಗವನ್ನು ಇರಿಸಿಕೊಂಡು ಉದ್ಧರಣೆಯಿಂದ ನೀರನ್ನು ಎರೆಯುವಾಗ ಭಕ್ತನು ಒಂದು ಕ್ಷಣ ನಿಂತು ಆಲೋಚಿಸಲಿ. ಈ ನೀರು ಎಲ್ಲಿಂದ ಬಂದಿತು? ತಾನು ಬಳಸಿದ ಮೇಲೆ ಇದು ಯಾರ ಮನೆಯ ಬಾಗಿಲಿಗೆ ಹೋಗುವುದು? ಈ ಎರಡು ಪ್ರಶ್ನೆಗಳಿಗೆ ನಾಚದೆ ಉತ್ತರ ಕೊಡಬಲ್ಲವನ ಮಜ್ಜನವೇ ಲಿಂಗಕ್ಕೆ ಸಲ್ಲುವ ಮಜ್ಜನ.