ಒಂದೇ ತಪ್ಪು ಉತ್ತರ, ಎರಡು ಕಾರಣ: ತರಗತಿಯಲ್ಲೇ ಸಂಶೋಧನೆ ಮಾಡುವುದು ಹೇಗೆ?

ನಾಲ್ಕನೇ ತರಗತಿಯ ಮಕ್ಕಳಿಗೆ 52ರಲ್ಲಿ 27 ಕಳೆಯಲು ಕೊಡಿ. 35 ಎಂದು ಬರೆದ ಪಾಟಿಗಳು ಸಿಕ್ಕರೆ ಕೂಡಲೇ ತಪ್ಪು ಗುರುತು ಹಾಕಬೇಡಿ. ಒಂದು ಮಗು 7ರಲ್ಲಿ 2 ಕಳೆದಿರಬಹುದು, ದೊಡ್ಡದರಿಂದ ಚಿಕ್ಕದನ್ನೇ ಕಳೆಯಬೇಕೆಂದು ಅದರ ತಿಳಿವಳಿಕೆ. ಇನ್ನೊಂದು ಮಗು ಹತ್ತನ್ನು ಬಿಡಿಗೆ ತಂದು 12ರಲ್ಲಿ 7 ಸರಿಯಾಗಿ ಕಳೆದು, ಹತ್ತರ ಮನೆಯ 5ನ್ನು 4 ಮಾಡಲು ಮರೆತಿರಬಹುದು. ಉತ್ತರ ಒಂದೇ, ತಪ್ಪು ಬೇರೆ. ಹಾಗಾಗಿ ಮದ್ದೂ ಬೇರೆ.

ಇದನ್ನು ಕ್ರಮವಾಗಿ ಪತ್ತೆಹಚ್ಚಿ ಸರಿಪಡಿಸುವುದೇ ಕ್ರಿಯಾ ಸಂಶೋಧನೆ. ಇದಕ್ಕೆ ಪಿಎಚ್‌.ಡಿ. ಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದ ‘ನಲಿ–ಕಲಿ’ಯನ್ನು ರೂಪಿಸಿದವರು ಸರ್ಕಾರಿ ಶಾಲೆಯ ಶಿಕ್ಷಕರೇ. ರಿಷಿವ್ಯಾಲಿಯ ಪದ್ಧತಿ ನೋಡಿ ಬಂದು, ತಮ್ಮ ತರಗತಿಯಲ್ಲಿ ಮಾಡಿ ನೋಡಿ, ತಿದ್ದಿ ಕಟ್ಟಿದ ಆ ಕ್ರಮ ಮುಂದೆ ರಾಜ್ಯದುದ್ದಕ್ಕೂ ಹರಡಿತು. ಐಹೊಳೆ, ಹುನಗುಂದ, ಬಾದಾಮಿ ಭಾಗದ ಶಿಕ್ಷಕರೂ ಹೀಗೆ ಶುರುಮಾಡಬಹುದು.

1. ಒಂದೇ ಪ್ರಶ್ನೆ ಹಿಡಿಯಿರಿ
‘ಮಕ್ಕಳು ಗಣಿತದಲ್ಲಿ ಹಿಂದಿದ್ದಾರೆ’ ಎಂಬುದು ದೂರು, ಪ್ರಶ್ನೆಯಲ್ಲ. ‘ದಶಕಸಹಿತ ವ್ಯವಕಲನದಲ್ಲಿ ಯಾರು, ಎಲ್ಲಿ ಎಡವುತ್ತಾರೆ?’ ಎಂಬುದು ಪ್ರಶ್ನೆ. ಸಮಾಜ ವಿಜ್ಞಾನದವರಾದರೆ, ಚಾಲುಕ್ಯರ ಪಾಠಕ್ಕೆ ಮೊದಲೇ ಮಕ್ಕಳನ್ನು ಐಹೊಳೆಯ ಮೇಗುತಿ ಗುಡ್ಡ ಹತ್ತಿಸಿ ಕ್ರಿ.ಶ. 634ರ ರವಿಕೀರ್ತಿಯ ಶಾಸನ ತೋರಿಸಿದರೆ ಅವರು ಕೇಳುವ ಪ್ರಶ್ನೆಗಳು ಬದಲಾಗುತ್ತವೆಯೇ ಎಂದು ನೋಡಬಹುದು. ನಿಮ್ಮ ಕೈಮೀರಿದ ವಿಷಯ ಬೇಡ. ದುಡಿಯಲು ಗೋವಾ, ಮಂಗಳೂರಿಗೆ ಹೋಗುವ ಕುಟುಂಬಗಳನ್ನು ನೀವು ತಡೆಯಲಾರಿರಿ. ಮರಳಿ ಬಂದ ಮಗುವಿಗೆ ತಪ್ಪಿದ ಪಾಠ ತುಂಬಿಕೊಡುವ ದಾರಿ ಹುಡುಕಬಲ್ಲಿರಿ.

2. ಇಂದಿನ ಸ್ಥಿತಿ ಬರೆದಿಡಿ
ಹತ್ತು ಲೆಕ್ಕಗಳ ಚಿಕ್ಕ ಪರೀಕ್ಷೆ ಕೊಡಿ. ಅಂಕದ ಪ್ರಕಾರ ಬೇಡ, ತಪ್ಪಿನ ಬಗೆಯ ಪ್ರಕಾರ ಹಾಳೆಗಳನ್ನು ವಿಂಗಡಿಸಿ. ದಿನಾಂಕ ಹಾಕಿ ಎತ್ತಿಡಿ.

3. ಮಗುವನ್ನೇ ಕೇಳಿ
ಪಕ್ಕದಲ್ಲಿ ಕೂಡಿಸಿಕೊಂಡು, ‘ಹೆಂಗ ಮಾಡಿದಿ, ಹೇಳಪಾ’ ಎನ್ನಿ. ನಡುವೆ ತಿದ್ದಬೇಡಿ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದುಕೊಳ್ಳಿ. ಇಡೀ ಅಧ್ಯಯನದ ಜೀವಾಳ ಈ ಟಿಪ್ಪಣಿ.

4. ಒಂದೇ ಬದಲಾವಣೆ ಮಾಡಿ
ಹತ್ತು ಹತ್ತು ತೊಗರಿ ಕಡ್ಡಿಗಳ ಕಟ್ಟು ಕಟ್ಟಿಸಿ. ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು 27 ತೆಗೆಯಲು ಹೇಳಿ. ಕಟ್ಟು ಬಿಚ್ಚದೆ ಏಳು ಬಿಡಿ ಕಡ್ಡಿ ಸಿಗುವುದಿಲ್ಲವೆಂಬುದು ಮೊದಲ ಮಗುವಿಗೆ ತಿಳಿಯುತ್ತದೆ. ಬಿಚ್ಚಿದ ಮೇಲೆ ನಾಲ್ಕೇ ಕಟ್ಟು ಉಳಿದದ್ದು ಎರಡನೇ ಮಗುವಿಗೆ ಕಾಣುತ್ತದೆ. ಪ್ರತಿ ಸಲವೂ ಕಡ್ಡಿಯಲ್ಲಿ ಮಾಡಿದ್ದನ್ನು ಪಾಟಿಯ ಮೇಲೆ ಬರೆಸಿ. ಮೂರು–ನಾಲ್ಕು ವಾರ ಇದನ್ನೇ ಮುಂದುವರಿಸಿ. ಜೊತೆಗೆ ಹೊಸ ಆಟ, ವಿಡಿಯೊ ಎಲ್ಲ ಸೇರಿಸಿದರೆ ಯಾವುದರಿಂದ ಫಲ ಬಂತೆಂದು ಹೇಳಲಾಗದು.

5. ಮತ್ತೆ ಅಳೆಯಿರಿ
ಅಂಕಿಗಳನ್ನು ಬದಲಿಸಿ, ಅಷ್ಟೇ ಕಷ್ಟದ ಹತ್ತು ಲೆಕ್ಕ ಕೊಡಿ. ಹಳೆಯ ಹಾಳೆಗಳೊಂದಿಗೆ ಹೋಲಿಸಿ. ಯಾವ ತಪ್ಪು ಹೋಯಿತು, ಯಾವುದು ಉಳಿಯಿತು? ಉಳಿದದ್ದೇ ಮುಂದಿನ ಸುತ್ತಿನ ಪ್ರಶ್ನೆ.

6. ಎರಡು ಪುಟದಲ್ಲಿ ಬರೆಯಿರಿ
ಪ್ರಶ್ನೆ, ಮೊದಲ ಸ್ಥಿತಿ, ಮಾಡಿದ ಕೆಲಸ, ಫಲ ಇಷ್ಟು ಸಾಕು. ಫಲಿಸದ್ದನ್ನೂ ಬರೆಯಿರಿ. ಮಕ್ಕಳ ಹೆಸರು ಬೇಡ.

7. ಸಭೆಗೆ ಒಯ್ಯಿರಿ
ಕ್ಲಸ್ಟರ್‌ನ ಸಮಾಲೋಚನಾ ಸಭೆ ಸುತ್ತೋಲೆ ಓದುವುದರಲ್ಲೇ ಮುಗಿಯಬೇಕಿಲ್ಲ. ಹದಿನೈದು ನಿಮಿಷ ಬೇಕೆಂದು ಸಿಆರ್‌ಪಿಯವರನ್ನು ಮೊದಲೇ ಕೇಳಿ. ಭಾಷಣ ಬೇಡ, 35 ಎಂದು ಬರೆದ ಎರಡು ಹಾಳೆಗಳನ್ನು ಮುಂದಿಟ್ಟು, ‘ಇವು ಒಂದೇ ತಪ್ಪೇ?’ ಎಂದು ಕೇಳಿ. ಇಳಕಲ್‌ನಲ್ಲಿರುವ ಡಯಟ್‌ನ ಉಪನ್ಯಾಸಕರಿಗೂ ವರದಿಯ ಪ್ರತಿ ಕೊಟ್ಟು ಸಲಹೆ ಪಡೆಯಿರಿ.

ಮುಖ್ಯ ಶಿಕ್ಷಕರು ಏನು ಮಾಡಬಹುದು?
ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ದಾಖಲೆಗಳ ನಡುವೆ ಪ್ರಭಾರ ಹೊತ್ತವರಿಗೆ ಬಿಡುವು ಕಡಿಮೆ. ಆದರೂ ಮೂರು ಕೆಲಸ ಸಾಧ್ಯ:

• ವಾರಕ್ಕೊಂದು ಅವಧಿ ಒಬ್ಬ ಶಿಕ್ಷಕರು ಇನ್ನೊಬ್ಬರ ತರಗತಿಯಲ್ಲಿ ಕೂರುವಂತೆ ವೇಳಾಪಟ್ಟಿ ಹೊಂದಿಸಿ. ಮೊದಲು ನಿಮ್ಮ ತರಗತಿಯ ಬಾಗಿಲು ತೆರೆಯಿರಿ.
• ನೋಡಲು ಬಂದವರು ಶಿಕ್ಷಕರಿಗೆ ಅಂಕ ಕೊಡುವುದು ಬೇಡ. ಮಕ್ಕಳು ಏನು ಮಾಡಿದರೆಂದಷ್ಟೇ ಬರೆಯಲಿ.
• ಎಸ್‌ಡಿಎಂಸಿ ಸಭೆಯಲ್ಲಿ ಕಟ್ಟಡ, ಕಾಂಪೌಂಡಿನ ಮಾತಿನ ಜೊತೆ ಮಕ್ಕಳ ಹಾಳೆಗಳನ್ನೂ ತೋರಿಸಿ.

ರಾಷ್ಟ್ರೀಯ ಶಿಕ್ಷಣ ನೀತಿ–2020 ಶಿಕ್ಷಕರಿಗೂ ಮುಖ್ಯ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿ ಬೆಳವಣಿಗೆಯನ್ನು ನಿರೀಕ್ಷಿಸುತ್ತದೆ. ತರಬೇತಿಯಲ್ಲಿ ಕೇಳಿದ್ದು ಸ್ವಂತ ತರಗತಿಯ ಒಂದು ಪ್ರಶ್ನೆಗೆ ತಾಗಿದಾಗಲೇ ಆ ಗಂಟೆಗಳು ಸಾರ್ಥಕ. ಮುಖ್ಯ ಶಿಕ್ಷಕರಾಗಿ ಬಡ್ತಿ ಆದೇಶ ಬಂದಾಗ ಬರಲಿ. ‘ಸರ್, ನಮ್ಮ ಕ್ಲಾಸಿನ ಹಾಳೆಗಳನ್ನೂ ಒಮ್ಮೆ ಕೂಡಿ ನೋಡೋಣ್ರಿ’ ಎಂದು ಸಹೋದ್ಯೋಗಿಯೊಬ್ಬರು ಕೇಳಿದ ದಿನವೇ ನಿಮ್ಮ ನಾಯಕತ್ವ ಶುರುವಾಗಿರುತ್ತದೆ. ದಸರಾ ರಜೆಗೆ ಮೊದಲು ಒಂದು ಸುತ್ತು ಮುಗಿಸುವ ಗುರಿಯೊಂದಿಗೆ ಕೆಲಸ ಆರಂಭಿಸಿ.