ರಾಮಮೂರ್ತಿ ನಗರದಲ್ಲಿ ಗೋಡೌನು: ಬಾಡಿಗೆ ಕೇಳುವ ಮೊದಲು ದಾರಿ ನೋಡಿ

ಸೀರೆಯ ಪಾರ್ಸೆಲ್ಲುಗಳು ಹಾಲ್ ದಾಟಿ ಮಲಗುವ ಕೋಣೆಗೆ ಬಂದಾಗ, ಹೋಟೆಲ್ಲುಗಳಿಗೆ ಕೊಡುವ ಪೇಪರ್ ಕಪ್ಪಿನ ಮೂಟೆಗಳು ಸ್ಕೂಟರ್ ನಿಲ್ಲಿಸುವ ಜಾಗವನ್ನೂ ಹಿಡಿದಾಗ, ಸಣ್ಣ ವ್ಯಾಪಾರಿಗೆ ಗೋಡೌನು ಬೇಕಾಗುತ್ತದೆ. ಬೆಂಗಳೂರಿನ ಪೂರ್ವ ಭಾಗದಲ್ಲಿರುವವರಿಗೆ ರಾಮಮೂರ್ತಿ ನಗರ ಅನುಕೂಲವಾಗಿ ಕಾಣುತ್ತದೆ. ಮಗ್ಗುಲಲ್ಲೇ ಹೊರ ವರ್ತುಲ ರಸ್ತೆ, ಟಿನ್ ಫ್ಯಾಕ್ಟರಿಯ ಹತ್ತಿರ ಹಳೇ ಮದ್ರಾಸ್ ರಸ್ತೆ, ಅದರಾಚೆ ಕೆ.ಆರ್. ಪುರ. ಇಂದಿರಾನಗರ, ಹಲಸೂರು, ಶಿವಾಜಿನಗರದ ಗಿರಾಕಿಗಳು ಒಂದು ಕಡೆ; ವೈಟ್‌ಫೀಲ್ಡ್, ಹೊಸಕೋಟೆಯವರು ಇನ್ನೊಂದು ಕಡೆ.

ಆದರೆ ‘ರಾಮಮೂರ್ತಿ ನಗರ’ ಎಂಬ ಒಂದೇ ವಿಳಾಸದೊಳಗೆ ನಾಲ್ಕೈದು ಬೇರೆ ಬೇರೆ ಊರುಗಳಿವೆ. ಒಂದು ಗಲ್ಲಿಯಲ್ಲಿ ಲಾಭ ತರುವ ಗೋಡೌನು, ಅರ್ಧ ಕಿಲೋಮೀಟರ್ ಆಚೆ ನಷ್ಟಕ್ಕೆ ದಾರಿಯಾಗಬಹುದು. ‘ಚದರ ಅಡಿಗೆ ಎಷ್ಟು?’ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಆ ಪ್ರಶ್ನೆಯನ್ನು ಕೊನೆಯ ಹಂತಕ್ಕೆ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಮೊದಲು ನಿಮ್ಮ ಬಿಲ್ ಪುಸ್ತಕ ತೆರೆಯಿರಿ

ಕಳೆದ ಮೂರು ತಿಂಗಳ ಬಿಲ್ಲುಗಳನ್ನು ಹರಡಿಕೊಂಡು, ಸರಕು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಬಡಾವಣೆಗಳ ಹೆಸರು ಬರೆಯಿರಿ. ಹೆಚ್ಚಿನ ಸರಕು ಇಂದಿರಾನಗರ, ಹಲಸೂರಿಗೆ ಹೋಗುತ್ತಿದ್ದರೆ ನಿಮ್ಮ ಗಾಡಿ ದಿನವೂ ಟಿನ್ ಫ್ಯಾಕ್ಟರಿಯ ಕಡೆ ಹೋಗಲೇಬೇಕು. ನಗರದ ಅತಿ ಇಕ್ಕಟ್ಟಿನ ಜಾಗಗಳಲ್ಲಿ ಅದೂ ಒಂದು. ಹೊರ ವರ್ತುಲ ರಸ್ತೆ ಮತ್ತು ಹಳೇ ಮದ್ರಾಸ್ ರಸ್ತೆಯ ವಾಹನಗಳೆಲ್ಲ ಅಲ್ಲೇ ಸೇರುತ್ತವೆ. ಅಂಥವರು ರಿಂಗ್ ರೋಡಿನ ಒಳಮಗ್ಗುಲಲ್ಲಿರುವ ಕಸ್ತೂರಿನಗರ ಅಥವಾ ಬಾಣಸವಾಡಿಯಲ್ಲಿ ಸ್ವಲ್ಪ ಚಿಕ್ಕ ಜಾಗವನ್ನೇ ಹಿಡಿಯುವುದು ಮೇಲು.

ಸರಕು ಕೆ.ಆರ್. ಪುರ, ವೈಟ್‌ಫೀಲ್ಡ್, ಹೊಸಕೋಟೆಗೆ ಹೋಗುತ್ತಿದ್ದರೆ ಲೆಕ್ಕ ತಿರುಗುತ್ತದೆ. ಟಿ.ಸಿ. ಪಾಳ್ಯ ಮುಖ್ಯರಸ್ತೆ ಹಿಡಿದು ಭಟ್ಟರಹಳ್ಳಿಯ ಹತ್ತಿರ ಹಳೇ ಮದ್ರಾಸ್ ರಸ್ತೆ ಸೇರಬಹುದು. ಟಿನ್ ಫ್ಯಾಕ್ಟರಿಯ ಮುಖವನ್ನೇ ನೋಡಬೇಕಿಲ್ಲ. ಈ ವ್ಯಾಪಾರಿಗಳಿಗೆ ಟಿ.ಸಿ. ಪಾಳ್ಯದ ಮಗ್ಗುಲೇ ಸರಿ.

ಒಂದು ಉದಾಹರಣೆಯ ಲೆಕ್ಕ ನೋಡಿ. ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ. 600 ಚದರ ಅಡಿಯ ಗೋಡೌನು ಒಳಗಿನ ಬಡಾವಣೆಯಲ್ಲಿ ಅಡಿಗೆ 8 ರೂಪಾಯಿ ಕಡಿಮೆಗೆ ಸಿಕ್ಕಿತು ಎನ್ನೋಣ. ತಿಂಗಳಿಗೆ ಉಳಿದದ್ದು 4,800 ರೂಪಾಯಿ. ಆದರೆ ಅಲ್ಲಿಗೆ ಬರುವ ಸರಕು ಆಟೊ ಒಂದು ಟ್ರಿಪ್ಪಿಗೆ 150 ರೂಪಾಯಿ ಹೆಚ್ಚು ಕೇಳುತ್ತದೆ. ದಿನಕ್ಕೆ ಎರಡು ಟ್ರಿಪ್ಪು, ತಿಂಗಳಿಗೆ 26 ದಿನ ಎಂದರೆ 7,800 ರೂಪಾಯಿ. ಕಡಿಮೆ ಬಾಡಿಗೆಯ ಜಾಗವೇ ತಿಂಗಳಿಗೆ 3,000 ರೂಪಾಯಿ ದುಬಾರಿಯಾಯಿತು.

ಬೀದಿ ಬೀದಿಯ ಗುಣ

ಹೊರ ವರ್ತುಲ ರಸ್ತೆಯ ಸರ್ವಿಸ್ ರಸ್ತೆಯಲ್ಲಿ ಬೋರ್ಡು ಕಾಣುತ್ತದೆ, ಗಿರಾಕಿ ಬರುತ್ತಾನೆ. ಮುಂದೆ ಅಂಗಡಿ, ಹಿಂದೆ ದಾಸ್ತಾನು ಇಡುವವರಿಗೆ ಅದು ಒಪ್ಪುತ್ತದೆ. ಬರೀ ದಾಸ್ತಾನಿಗೆ ಅಲ್ಲಿನ ಬಾಡಿಗೆ ಕೊಡುವುದು ವ್ಯರ್ಥ. ಅದೂ ಅಲ್ಲದೆ ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ನಮ್ಮ ಮೆಟ್ರೋದ ನೀಲಿ ಮಾರ್ಗ ಇದೇ ರಸ್ತೆಯ ಗುಂಟ, ಕಸ್ತೂರಿನಗರ, ಹೊರಮಾವು ನಿಲ್ದಾಣಗಳನ್ನು ಹಾದು ಹೋಗುವಂಥದ್ದು. ಕಾಮಗಾರಿಯ ಬ್ಯಾರಿಕೇಡು ನಿಮ್ಮ ಶಟರಿನ ಎದುರಿಗಿದ್ದರೆ ಇಳಿಸುವ ಗಾಡಿಗೆ ನಿಲ್ಲಲು ಜಾಗವಿರುವುದಿಲ್ಲ.

ರಾಮಮೂರ್ತಿ ನಗರ ಮುಖ್ಯರಸ್ತೆ ಮತ್ತು ಕಲ್ಕೆರೆ ರಸ್ತೆ ಅಂಗಡಿ ಬೀದಿಗಳು. ಬೆಳಿಗ್ಗೆ ಬೇಗ ಸರಕು ಇಳಿಸುವವರಿಗೆ ತೊಂದರೆಯಿಲ್ಲ, ಸಂಜೆ ಕಷ್ಟ. ಒಳಗಿನ ಅಡ್ಡರಸ್ತೆಗಳಲ್ಲಿ ಸಿಗುವುದು ಹೆಚ್ಚಾಗಿ 30×40 ಸೈಟಿನ ಮನೆಯ ನೆಲಮಹಡಿ: ಹಗುರ ಸರಕಿಗೆ, ಟಾಟಾ ಏಸ್ ಓಡಾಟಕ್ಕೆ ಸಾಕು. ಕಲ್ಕೆರೆ, ಹೊರಮಾವು ಅಗರದ ಕಡೆ ಹೋದರೆ ಜಾಗ ವಿಶಾಲ, ಬಾಡಿಗೆಯೂ ಇಳಿಯುತ್ತದೆ. ಅಲ್ಲಿ ನೋಡಬೇಕಾದದ್ದು ನೀರು ಮತ್ತು ರೈಲು ಹಳಿ. ಚನ್ನಸಂದ್ರದಿಂದ ಯಲಹಂಕಕ್ಕೆ ಹೋಗುವ ಹಳಿ ಈ ಭಾಗವನ್ನು ಸೀಳಿಕೊಂಡು ಹೋಗುತ್ತದೆ. ಹಳಿ ದಾಟುವ ಅಂಡರ್‌ಪಾಸಿನ ಎತ್ತರದ ಫಲಕ ನೋಡಿ, ನಿಮಗೆ ಸರಕು ತರುವ ಗಾಡಿಯ ಎತ್ತರದೊಂದಿಗೆ ಹೋಲಿಸಿ.

ನಿಮಗೆ ಸಾವಿರಾರು ಚದರ ಅಡಿ ಬೇಕು, ದೊಡ್ಡ ಲಾರಿ ನೇರ ಬಾಗಿಲಿಗೆ ಬರಬೇಕು ಎಂದಾದರೆ ರಾಮಮೂರ್ತಿ ನಗರದಲ್ಲಿ ಹುಡುಕಿ ದಣಿಯಬೇಡಿ. ವಿರ್ಗೋನಗರ, ಮೇಡಹಳ್ಳಿ ದಾಟಿ ಹೊಸಕೋಟೆಯತ್ತ ಹೋಗಿ. ಫ್ಲಿಪ್‌ಕಾರ್ಟ್‌ನಂಥ ಕಂಪನಿ ಮಾಲೂರಿನವರೆಗೂ ಹೋಗಿ ಗೋದಾಮು ಕಟ್ಟಿದ್ದು ಇದೇ ಕಾರಣಕ್ಕೆ: ಅಗಲ ಜಾಗ, ಹೆದ್ದಾರಿ, ಲಾರಿ ತಿರುಗಲು ಅಂಗಳ.

ನೀರಿನ ದಾರಿ

2025ರ ಮೇ ತಿಂಗಳ ಮಳೆಗೆ ಹೊರಮಾವಿನ ಸಾಯಿ ಲೇಔಟ್ ಮುಳುಗಿದ್ದನ್ನು ಊರೆಲ್ಲ ನೋಡಿತು. ಅಲ್ಲಿನ ರಾಜಕಾಲುವೆಯ ನೀರು ರೈಲು ಹಳಿಯ ಕೆಳಗಿನ ಕಿರಿದಾದ ಕಿಂಡಿಯಲ್ಲಿ ಸಿಕ್ಕಿಕೊಂಡು ಹಿಂದಕ್ಕೆ ಉಕ್ಕುತ್ತದೆ. ಮನೆಯವರು ಮಹಡಿ ಹತ್ತಬಹುದು, ನೆಲದ ಮೇಲಿನ ದಾಸ್ತಾನು ಹತ್ತಲಾರದು. ಆದ್ದರಿಂದ ಈ ಹಂತದಲ್ಲಿ ಅವಸರ ಬೇಡವೇ ಬೇಡ.

ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದು ಜಾಗದ ಸರ್ವೆ ನಂಬರ್ ನೋಡಿ. ಹಳೆಯ ಗ್ರಾಮ ನಕ್ಷೆಯಲ್ಲಿ ಕೆರೆ, ಹಳ್ಳ, ಕಾಲುವೆ ಎಲ್ಲಿದ್ದವು ಎಂದು ತಿಳಿಯುತ್ತದೆ. ಆಮೇಲೆ ಕಾಲ್ನಡಿಗೆಯಲ್ಲಿ ಹೋಗಿ: ಕಾಂಪೌಂಡ್ ಗೋಡೆಯ ಬುಡದಲ್ಲಿ ಕೆಸರಿನ ಗೆರೆ ಇದೆಯೇ, ಅಕ್ಕಪಕ್ಕದ ಮನೆಗಳ ಬಾಗಿಲಿಗೆ ಅಡಿಯೆತ್ತರದ ಹೊಸ ಕಟ್ಟೆ ಕಟ್ಟಿದ್ದಾರೆಯೇ, ಮೋರಿ ರಸ್ತೆಗಿಂತ ಮೇಲಿದೆಯೇ. ಮಾಲೀಕರನ್ನು ಕೇಳುವುದಕ್ಕಿಂತ ಎದುರು ಮನೆಯ ಅಜ್ಜಿಯನ್ನೋ ಮೂಲೆಯ ಟೀ ಅಂಗಡಿಯವರನ್ನೋ ‘ಜೋರು ಮಳೆ ಬಂದರೆ ಇಲ್ಲಿ ಎಲ್ಲೀವರೆಗೆ ನಿಲ್ಲುತ್ತಮ್ಮಾ?’ ಎಂದು ಕೇಳಿ. ಮಳೆ ಬಂದ ಮರುದಿನ ಬೆಳಿಗ್ಗೆ ಇನ್ನೊಮ್ಮೆ ಹೋಗಿ. ನೆಲ ರಸ್ತೆಗಿಂತ ಒಂದೂವರೆ ಅಡಿಯಾದರೂ ಎತ್ತರದಲ್ಲಿ ಇಲ್ಲದಿದ್ದರೆ, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ನಾನಾದರೆ ಬಿಟ್ಟುಬಿಡುತ್ತೇನೆ. ನೆಲಮಾಳಿಗೆಯಂತೂ ಈ ಭಾಗದಲ್ಲಿ ಬೇಡ.

ಮಹಡಿ ಮೇಲಿನ ಗೋಡೌನು

‘ಮೊದಲನೇ ಮಹಡಿ ಖಾಲಿಯಿದೆ, ಅರ್ಧ ಬಾಡಿಗೆ’ ಎಂದು ಬ್ರೋಕರ್ ಹೇಳಬಹುದು. ಭಾರತೀಯ ಮಾನಕ ಐಎಸ್ 875ರ ಪ್ರಕಾರ ವಾಸದ ಮನೆಯ ಕೋಣೆಗಳ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ ಲೆಕ್ಕ ಹಾಕುತ್ತಾರೆ. ಗೋದಾಮಿಗೆ ಅದೇ ಮಾನಕ ಕನಿಷ್ಠ 750 ಕಿಲೋ ಕೇಳುತ್ತದೆ. ಐದು ರೀಮ್ ಎ4 ಕಾಗದದ ಒಂದು ಪೆಟ್ಟಿಗೆ ಸುಮಾರು 12 ಕಿಲೋ ತೂಗುತ್ತದೆ. ಒಂದು ಚದರ ಮೀಟರಿನಲ್ಲಿ 14 ಪೆಟ್ಟಿಗೆ ಕೂರುತ್ತವೆ. ನಾಲ್ಕು ಸಾಲು ಒಟ್ಟಿದರೆ 650 ಕಿಲೋ ದಾಟುತ್ತದೆ. ಅಂದರೆ ಮನೆಯ ನೆಲ ತಡೆಯಬೇಕಾದದ್ದರ ಮೂರು ಪಟ್ಟಿಗೂ ಹೆಚ್ಚು. ಕಾಗದ, ಟೈಲ್ಸ್, ಎಣ್ಣೆ ಡಬ್ಬ, ಅಕ್ಕಿ ಮೂಟೆಗಳ ವ್ಯಾಪಾರಿಗಳು ನೆಲಮಹಡಿಯನ್ನೇ ಹಿಡಿಯಬೇಕು. ಬಟ್ಟೆ, ಪೇಪರ್ ಕಪ್, ಪ್ಲಾಸ್ಟಿಕ್ ಡಬ್ಬಿಯಂಥ ಹಗುರ ಸರಕಿನವರೂ ಕಟ್ಟಡದ ಎಂಜಿನಿಯರನ್ನು ಕೇಳಿಯೇ ಮಹಡಿಗೆ ಹೋಗಲಿ. ಕೆಳಗೆ ಒಂದು ಸಂಸಾರ ಮಲಗಿರುತ್ತದೆ.

ಶೀಟಿನ ಶೆಡ್ಡಾದರೆ ಮಧ್ಯಾಹ್ನ ಎರಡು ಗಂಟೆಗೆ ಒಳಗೆ ನಿಂತು ನೋಡಿ. ಚಾಕೊಲೇಟು, ಸೌಂದರ್ಯವರ್ಧಕ, ಅಂಟು, ಮೇಣದಬತ್ತಿ ಅಲ್ಲಿ ಬಾಳುವುದಿಲ್ಲ.

ಗಾಡಿ ತಂದು ನೋಡಿ

ಜಾಗ ಇಷ್ಟವಾಯಿತೇ? ನಿಮ್ಮ ಸರಕು ತರುವ ಚಾಲಕರನ್ನೇ, ಅದೇ ಗಾಡಿಯೊಂದಿಗೆ, ಸಂಜೆ ಆರರಿಂದ ಏಳರ ನಡುವೆ ಒಮ್ಮೆ ಕರೆಸಿ. ಕ್ಯಾಂಟರ್ ತಿರುಗುತ್ತದೆಯೇ, ಜೋತುಬಿದ್ದ ಕೇಬಲ್ ತಾಗುತ್ತದೆಯೇ, ಎದುರಿನ ಕಾರು ನಿಂತಾಗ ಹಿಂದಕ್ಕೆ ಬರಬಹುದೇ ಎಂದು ಅವರು ಒಂದೇ ನೋಟಕ್ಕೆ ಹೇಳುತ್ತಾರೆ. ಭಾರಿ ಲಾರಿಗಳಿಗೆ ದಟ್ಟಣೆಯ ವೇಳೆ ನಿರ್ಬಂಧವಿದೆ, ವೇಳೆ ಆಗಾಗ ಬದಲಾಗುತ್ತದೆ. ಆ ಭಾಗದ ಸಂಚಾರ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ. ರಾತ್ರಿಯೇ ಸರಕು ಇಳಿಯಬೇಕು ಎಂದಾದರೆ ಅಕ್ಕಪಕ್ಕದವರ ನಿದ್ದೆಯ ಪ್ರಶ್ನೆಯೂ ಬರುತ್ತದೆ. ಅವರೊಂದಿಗೆ ಮೊದಲೇ ಮಾತಾಡುವುದು ನ್ಯಾಯ.

ಕಾಗದಪತ್ರ

ಖಾತೆ, ಆಸ್ತಿ ತೆರಿಗೆ ರಸೀದಿ, ಬೆಸ್ಕಾಂ ಬಿಲ್ಲು ಮೂರನ್ನೂ ಒಟ್ಟಿಗೆ ನೋಡಿ. ಮೂರರಲ್ಲೂ ಒಂದೇ ಹೆಸರು, ಒಂದೇ ವಿಳಾಸ ಇರಬೇಕು. ತೆರಿಗೆಯನ್ನು ವಾಸದ ಮನೆಯೆಂದು ಕಟ್ಟುತ್ತಿದ್ದರೆ, ಮೀಟರ್ ಮನೆ ಬಳಕೆಯದಾಗಿದ್ದರೆ, ನಾಳೆ ವ್ಯತ್ಯಾಸದ ಹಣ ಯಾರದ್ದು ಎಂಬ ಜಗಳ ಖಂಡಿತ. ವಸತಿ ವಲಯದಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಯಾದರೆ ಟ್ರೇಡ್ ಲೈಸೆನ್ಸ್ ಸಿಗುವುದು ಕಷ್ಟ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದ ಮೇಲೆ ಕೆ.ಆರ್. ಪುರ ಕ್ಷೇತ್ರದ ಈ ಭಾಗ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿದೆ. ಅಡ್ವಾನ್ಸ್ ಕೊಡುವ ಮೊದಲೇ ಪಾಲಿಕೆಯ ಕಚೇರಿಯಲ್ಲಿ ಆ ರಸ್ತೆಯ ಹೆಸರು ಹೇಳಿ ಕೇಳಿ.

ಜಿಎಸ್‌ಟಿ ಇರುವವರು ಗೋಡೌನನ್ನು ಹೆಚ್ಚುವರಿ ವ್ಯವಹಾರ ಸ್ಥಳವೆಂದು 15 ದಿನದೊಳಗೆ ನೋಂದಣಿಗೆ ಸೇರಿಸಬೇಕು. ಅದಕ್ಕೆ ಕರಾರುಪತ್ರ, ಮಾಲೀಕರ ಒಪ್ಪಿಗೆ ಪತ್ರ, ವಿದ್ಯುತ್ ಬಿಲ್ಲು ಅಥವಾ ತೆರಿಗೆ ರಸೀದಿ ಬೇಕು. ಕೊಡಲು ಒಲ್ಲದ ಮಾಲೀಕರ ಜಾಗ ನಿಮಗೆ ಬೇಡ. ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬಂದಿಲ್ಲ. ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದೆ ನಿಮಗಿದ್ದರೆ, 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ ಶೇ 18ರ ತೆರಿಗೆಯನ್ನು ನೀವೇ ಕಟ್ಟಬೇಕು. 20,000 ರೂಪಾಯಿ ಬಾಡಿಗೆಗೆ 3,600 ರೂಪಾಯಿ. ಇನ್‌ಪುಟ್ ಕ್ರೆಡಿಟ್ ಪಡೆಯಬಹುದಾದರೂ ಮೊದಲು ಕೈಯಿಂದ ಹಾಕಬೇಕು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಇದರಿಂದ ವಿನಾಯಿತಿ ಇದೆ. ತಿನ್ನುವ ಪದಾರ್ಥವಾದರೆ ಎಫ್ಎಸ್ಎಸ್ಎಐ ಅನುಮತಿಯಲ್ಲೂ ಗೋಡೌನಿನ ವಿಳಾಸ ಇರಲಿ.

ವಿಮೆಗೆ ಸಣ್ಣವರಿಗೆಂದೇ 2021ರಿಂದ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಪಾಲಿಸಿ ಇದೆ. ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿ, ದಾಸ್ತಾನಿಗೆ ಬೆಂಕಿಯ ಜೊತೆ ನೆರೆಯ ರಕ್ಷಣೆಯೂ ಸಿಗುತ್ತದೆ. ಪಾಲಿಸಿಯಲ್ಲಿ ಅಂಗಡಿಯ ವಿಳಾಸ ಬರೆಸಿ ಸರಕನ್ನು ಗೋಡೌನಿನಲ್ಲಿಟ್ಟರೆ ಪರಿಹಾರ ಕೇಳುವಾಗ ತಕರಾರು ಬರುತ್ತದೆ.

ಕರಾರು

ಈಗ ಬಾಡಿಗೆಯ ಮಾತು. ಶಟರಿನ ಒಳಗೆ ಟೇಪ್ ಹಿಡಿದು ನೀವೇ ಅಳೆಯಿರಿ. ಮೆಟ್ಟಿಲು, ಸಂಪು, ಮೀಟರ್ ಕೋಣೆಗೂ ಬಾಡಿಗೆ ಕೇಳುವುದುಂಟು. 11 ತಿಂಗಳ ಕರಾರು ರೂಢಿ; ಒಂದು ವರ್ಷ ಮೀರಿದ ಅವಧಿಯಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಕಡ್ಡಾಯ. ರ‍್ಯಾಕಿಗೆ, ವೈರಿಂಗಿಗೆ ನೀವು ಹಣ ಸುರಿಯುವುದಾದರೆ ಮೂರು ವರ್ಷಕ್ಕೆ ನೋಂದಾಯಿಸಿಕೊಳ್ಳುವುದೇ ಒಳ್ಳೆಯದು. ವರ್ಷಕ್ಕೆ ಎಷ್ಟು ಏರಿಕೆ, ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್, ಸುಣ್ಣಬಣ್ಣಕ್ಕೆ ಎಷ್ಟು ಮುರಿದುಕೊಳ್ಳಬಹುದು, ಗಾಡಿ ನಿಲ್ಲಿಸಲು ಯಾವ ಜಾಗ, ಇವೆಲ್ಲ ಬರಹದಲ್ಲಿರಲಿ. ಮುಖ್ಯವಾಗಿ ಎರಡು ಸಾಲು ಬರೆಸಿ: ಒಳಗೆ ನೀರು ನುಗ್ಗಿದರೆ ಅಥವಾ ಲೈಸೆನ್ಸ್ ನಿರಾಕರಿಸಿದರೆ ನೋಟಿಸ್ ಅವಧಿಯಿಲ್ಲದೆ ಖಾಲಿ ಮಾಡುವ ಹಕ್ಕು ನಿಮಗಿರಬೇಕು, ಆಗ ಅಡ್ವಾನ್ಸ್ ಪೂರ್ತಿ ಹಿಂದಿರುಗಬೇಕು. ಸಾಧ್ಯವಾದರೆ ಕರಾರನ್ನು ಮುಂಗಾರು ಕಳೆದ ಮೇಲೆ, ನವೆಂಬರಿನಿಂದ ಶುರು ಮಾಡಿ. ಹಿಂದಿನ ಮಳೆಗಾಲ ಆ ನೆಲದಲ್ಲಿ ಏನು ಮಾಡಿತ್ತು ಎಂಬ ಗುರುತು ಆಗಿನ್ನೂ ಗೋಡೆಯ ಮೇಲಿರುತ್ತದೆ.